ಕಿವಿಗೆ ಕೇಳದ ದನಿ, ಗುರಿ ಹಿಡಿದ ಮದ್ದು

ಕಳೆದ ವರ್ಷ ದೀಪಾವಳಿ ಕಳೆದ ಮರುವಾರದ ಒಂದು ಮಧ್ಯಾಹ್ನ. ಪಾಠ ಮುಗಿಸಿ ಅಧ್ಯಾಪಕರ ಕೊಠಡಿಗೆ ಮರಳಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ಬಾಗಿಲ ಬಳಿ ನಿಂತಿದ್ದಳು. ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಹಳ್ಳಿಯವರು. ಕೂಡಿರೆಂದರೂ ಆ ಮನುಷ್ಯ ಕೂಡಲಿಲ್ಲ. ಜೇಬಿನಿಂದ ಮೊಬೈಲನ್ನು ತೆಗೆದು ನನ್ನ ಮುಂದೆ ಹಿಡಿದ.

"ಸರ, ನಮ್ಮ ಮನ್ಯಾಗಿನಾಕಿಗಿ ಗರ್ಭಚೀಲದ ಬಾಯಾಗ ಗಡ್ಡಿ ಅದ ಅಂತ ಡಾಕ್ಟ್ರು ಹೇಳ್ಯಾರ. ಕರೆಂಟ್ ಕೊಡಬೇಕು, ಸೂಜಿ ಮಾಡಬೇಕು ಅಂತಾರ. ಇದರಾಗ ನೋಡ್ರಿ, ಪರದೇಶದಾಗ ಬರೇ ಆವಾಜ್ ಬಿಟ್ಟು ಮದ್ದು ಗಡ್ಡಿಗೇ ಮುಟ್ಟಸ್ತಾರಂತ. ಕೂದ್ಲ ಉದುರಂಗಿಲ್ಲಂತ, ವಾಂತಿ ಆಗಂಗಿಲ್ಲಂತ. ಖರೇ ಏನ್ರಿ? ಅದು ಇಲ್ಲಿಗಿ ಬರೋತನಕ ತಡೀಲೇನ್ರಿ? ಇಲ್ಲಾಂದ್ರ ಎರಡೆಕ್ರೆ ಮಾರಿ ಎಲ್ಲಿಗರೆ ಕರ್ಕೊಂಡು ಹೋಗ್ಲೇನ್ರಿ?"

ನಾನು ಕನ್ನಡದ ಅಧ್ಯಾಪಕ. ಹಳಗನ್ನಡದ ಪದವೊಂದಕ್ಕೆ ಅರ್ಥ ಕೇಳಿದ್ದರೆ ಹೇಳಬಲ್ಲವನಾಗಿದ್ದೆ. ಆದರೆ ಓದಿದವನೆಂಬ ಒಂದೇ ಕಾರಣಕ್ಕೆ ನನ್ನನ್ನು ನಂಬಿ ಬಂದ ಮನುಷ್ಯನಿಗೆ ಗೊತ್ತಿಲ್ಲವೆಂದು ಹೇಳಿ ಕಳುಹಿಸುವ ಧೈರ್ಯವಾಗಲಿಲ್ಲ. ಡಾಕ್ಟರರು ಕೊಟ್ಟ ತಾರೀಖನ್ನು ಯಾವ ಕಾರಣಕ್ಕೂ ತಪ್ಪಿಸಬಾರದೆಂದೂ, ಸೋಮವಾರ ಬಂದರೆ ತಿಳಿದುಕೊಂಡು ಹೇಳುವೆನೆಂದೂ ಮಾತು ಕೊಟ್ಟೆ. ನಮ್ಮ ಕಾಲೇಜಿನ ಭೌತವಿಜ್ಞಾನದ ಮಿತ್ರರನ್ನೂ ಪರಿಚಯದ ವೈದ್ಯರೊಬ್ಬರನ್ನೂ ಕಾಡಿ, ಮೂರು ರಾತ್ರಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿಗಳ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇಂದು ಏಳುತ್ತಿರಬಹುದು.

ಹೊಲಕ್ಕೆಲ್ಲ ಸಿಂಪಡಿಸಿದ ಔಷಧ

ನಮ್ಮ ಸೀಮೆ ತೊಗರಿಯ ಸೀಮೆ. ತೊಗರಿಗೆ ಬೀಳುವ ಕಾಯಿಕೊರಕ ಹುಳುವನ್ನು ಅರಿಯದ ರೈತ ಇಲ್ಲಿಲ್ಲ. ಹುಳು ಕಾಯಿಯನ್ನು ಕೊರೆದು ಒಳಗೆ ಕುಳಿತು ಕಾಳನ್ನು ತಿನ್ನುತ್ತದೆ. ರೈತ ಸಿಂಪಡಿಸಿದ ಔಷಧ ಎಲೆಯ ಮೇಲೆ ಬೀಳುತ್ತದೆ, ಮಣ್ಣಿನ ಮೇಲೆ ಬೀಳುತ್ತದೆ, ಹೂವಿಗೆ ಬಂದ ಜೇನಿನ ಮೇಲೆ ಬೀಳುತ್ತದೆ. ಸಿಂಪಡಿಸುವವನ ಮೈಗೂ ತಾಕುತ್ತದೆ. ಕಾಯಿಯೊಳಗಿನ ಹುಳುವಿಗೆ ಮಾತ್ರ ಅದು ಅಷ್ಟಾಗಿ ಮುಟ್ಟುವುದಿಲ್ಲ.

ಕ್ಯಾನ್ಸರಿನ ಔಷಧದ ಕಥೆಯೂ ಬಹುಮಟ್ಟಿಗೆ ಇದೇ. ರಕ್ತನಾಳಕ್ಕೆ ಚುಚ್ಚಿದ ಮದ್ದು ರಕ್ತದೊಡನೆ ದೇಹವನ್ನೆಲ್ಲ ಸುತ್ತುತ್ತದೆ. ಬೇಗ ಬೇಗನೆ ವಿಭಜನೆಗೊಳ್ಳುವ ಜೀವಕೋಶಗಳನ್ನು ಕೊಲ್ಲುವುದು ಅದರ ಗುಣ. ಕ್ಯಾನ್ಸರಿನ ಕೋಶಗಳು ಹಾಗೆ ವಿಭಜನೆಗೊಳ್ಳುತ್ತವೆ, ನಿಜ. ಆದರೆ ಕೂದಲ ಬೇರಿನ ಕೋಶಗಳೂ, ಬಾಯಿ ಮತ್ತು ಕರುಳಿನ ಒಳಪದರದ ಕೋಶಗಳೂ, ರಕ್ತವನ್ನು ಹುಟ್ಟಿಸುವ ಅಸ್ಥಿಮಜ್ಜೆಯ ಕೋಶಗಳೂ ಅದೇ ಬಗೆಯವು. ಆದುದರಿಂದಲೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರೋಗನಿರೋಧಕ ಶಕ್ತಿ ಕುಗ್ಗುವುದು.

ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಮದ್ದನ್ನೇ ತೆಗೆದುಕೊಳ್ಳೋಣ. ಇದರ ಮೂಲ ಇಟಲಿಯ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿ. ೧೯೬೦ರ ದಶಕದಲ್ಲಿ ಅದರ ಮಾರ್ಪಟ್ಟ ತಳಿಯೊಂದರಿಂದ ಇಟಲಿಯ ವಿಜ್ಞಾನಿಗಳು ಈ ಮದ್ದನ್ನು ಪಡೆದು, ಸಮೀಪದ ಏಡ್ರಿಯಾಟಿಕ್ ಸಮುದ್ರದ ಹೆಸರಿನಿಂದ ಏಡ್ರಿಯಾಮೈಸಿನ್ ಎಂದು ಕರೆದರು. ಹಲವು ಬಗೆಯ ಕ್ಯಾನ್ಸರುಗಳಿಗೆ ಅದು ಬಲವಾದ ಅಸ್ತ್ರ. ಆದರೆ ಹೃದಯದ ಸ್ನಾಯುವಿಗೆ ಅದರಿಂದ ಅಪಾಯ. ಆದ್ದರಿಂದ ಒಬ್ಬ ಮನುಷ್ಯನಿಗೆ ಬಾಳಿನುದ್ದಕ್ಕೂ ಇಷ್ಟಕ್ಕಿಂತ ಹೆಚ್ಚು ಕೊಡಲಾಗದೆಂಬ ಮಿತಿಯನ್ನು ವೈದ್ಯರು ಪಾಲಿಸಬೇಕಾಗುತ್ತದೆ. ಮದ್ದಿಗೆ ಶಕ್ತಿಯಿದೆ, ಅದು ಹೋಗಬೇಕಾದಲ್ಲಿಗೆ ಮಾತ್ರ ಹೋಗುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಗಡ್ಡೆಯೊಳಗಿನ ರಕ್ತನಾಳಗಳು ಕ್ರಮವಿಲ್ಲದೆ ಅಂಕುಡೊಂಕಾಗಿ ಬೆಳೆದಿರುತ್ತವೆ. ಒಳಗಿನ ದ್ರವದ ಒತ್ತಡ ಹೆಚ್ಚಾಗಿದ್ದು, ಬಂದ ಮದ್ದನ್ನು ಹೊರಕ್ಕೆ ತಳ್ಳುತ್ತದೆ. ಮೇದೋಜೀರಕ ಗ್ರಂಥಿಯ ಗಡ್ಡೆಗಳ ಸುತ್ತ ಗಟ್ಟಿಯಾದ ನಾರಿನ ಗೋಡೆಯೇ ಎದ್ದಿರುತ್ತದೆ. ಮೆದುಳಿನ ವಿಷಯವಂತೂ ಇನ್ನೂ ಬೇರೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು, ರಕ್ತದಲ್ಲಿನ ಹೆಚ್ಚಿನ ಮದ್ದುಗಳನ್ನು ಮೆದುಳಿನೊಳಕ್ಕೆ ಬಿಡುವುದೇ ಇಲ್ಲ. ವಿಷದಿಂದ ಮೆದುಳನ್ನು ಕಾಯುವ ಈ ಕಾವಲು, ಮೆದುಳಿಗೆ ರೋಗ ಬಂದಾಗ ಮದ್ದಿಗೂ ಅಡ್ಡ ನಿಲ್ಲುತ್ತದೆ.

ಶ್ರವಣಾತೀತ ಧ್ವನಿ

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗಿನ ದನಿಯನ್ನು ಕೇಳಬಲ್ಲದು. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ, ಅಲ್ಟ್ರಾಸೌಂಡ್. ೧೮೮೦ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯೇರ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು. ಅಂಥ ಹರಳಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸುತ್ತದೆಂಬುದೂ ಬೇಗನೆ ತಿಳಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜವೆ ಎಂಬ ವಿಜ್ಞಾನಿ ಅದೇ ಗುಣವನ್ನು ಬಳಸಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಹುಡುಕುವ ಉಪಾಯ ಮಾಡಿದ. ೧೯೫೮ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಇದೇ ದನಿಯಿಂದ ಹೊಟ್ಟೆಯೊಳಗಿನ ಚಿತ್ರ ತೆಗೆದ ಬಗೆಯನ್ನು ಪ್ರಕಟಿಸಿದರು. ಇಂದು ತಾಲ್ಲೂಕು ಊರುಗಳಲ್ಲಿಯೂ ಸ್ಕ್ಯಾನಿಂಗ್ ಕೇಂದ್ರಗಳಿವೆ. ನಮ್ಮ ಜನಕ್ಕೆ ಈ ಯಂತ್ರದ ಪರಿಚಯವಾದದ್ದು ಬಸುರಿಯರ ತಪಾಸಣೆಯಿಂದ ಮತ್ತು "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕದಿಂದ. ಆ ಫಲಕದ ಹಿಂದೆ ೧೯೯೪ರ ಕಾಯಿದೆಯಿದೆ.

ಸ್ಕ್ಯಾನಿಂಗಿನಲ್ಲಿ ದನಿ ಒಳಗೆ ಹೋಗಿ ಪ್ರತಿಧ್ವನಿಯಾಗಿ ಮರಳುತ್ತದೆ. ನೋಡುವುದಷ್ಟೇ ಅದರ ಕೆಲಸ. ಅದೇ ದನಿಯನ್ನು ಒಂದೆಡೆ ಕೂಡಿಸಿದರೆ ಅದು ಕೆಲಸ ಮಾಡುವ ಕೈಯಾಗುತ್ತದೆ. ಚಿಕ್ಕಂದಿನಲ್ಲಿ ಭೂತಕನ್ನಡಿ ಹಿಡಿದು ಬಿಸಿಲನ್ನು ಒಂದು ಚುಕ್ಕೆಗೆ ತಂದು ಕಾಗದ ಸುಟ್ಟವರಿಗೆ ಇದು ತಿಳಿಯುವುದು ಕಷ್ಟವಲ್ಲ. ಸೆಕೆಂಡಿಗೆ ಹತ್ತು ಲಕ್ಷ ಕಂಪನದ ದನಿಯ ಒಂದೊಂದು ಅಲೆಯ ಉದ್ದ ದೇಹದೊಳಗೆ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟು ಚಿಕ್ಕ ಅಲೆಯನ್ನು ಒಂದು ಅಕ್ಕಿಕಾಳಿನಷ್ಟು ಜಾಗಕ್ಕೆ ಕೇಂದ್ರೀಕರಿಸಬಹುದು. ನಡುವಿನ ಚರ್ಮಕ್ಕೂ ಮಾಂಸಕ್ಕೂ ದನಿ ಚದುರಿದ ರೂಪದಲ್ಲಿ ತಾಕುವುದರಿಂದ ಅಲ್ಲಿ ಬಾಧೆ ಕಡಿಮೆ.

ಗುಳ್ಳೆಯ ಬಲ

ದನಿಯಿಂದ ಮದ್ದನ್ನು ಗುರಿ ಮುಟ್ಟಿಸುವ ಮೊದಲನೆಯ ಹಾದಿ ಗುಳ್ಳೆಗಳದು. ಕೊಬ್ಬಿನಂಥ ತೆಳುವಾದ ಪೊರೆಯೊಳಗೆ ನಿರಪಾಯಕರ ಅನಿಲವನ್ನು ತುಂಬಿದ ಈ ಗುಳ್ಳೆಗಳು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ದೊಡ್ಡವು; ಹೆಚ್ಚಿನವು ಕೆಂಪು ರಕ್ತಕಣಕ್ಕಿಂತಲೂ ಚಿಕ್ಕವು. ಸ್ಕ್ಯಾನಿಂಗಿನ ಚಿತ್ರ ಸ್ಪಷ್ಟವಾಗಲೆಂದು ಇವನ್ನು ರಕ್ತಕ್ಕೆ ಚುಚ್ಚುವ ಪದ್ಧತಿ ಬಹುಕಾಲದಿಂದ ಇದೆ. ಕೆಲವು ನಿಮಿಷಗಳಲ್ಲಿ ಅನಿಲವು ಉಸಿರಿನೊಡನೆ ಹೊರಗೆ ಹೋಗುತ್ತದೆ.

ಗಡ್ಡೆಯ ಮೇಲೆ ದನಿಯನ್ನು ಬಿಟ್ಟಾಗ, ಅಲ್ಲಿ ಹಾಯುತ್ತಿರುವ ಗುಳ್ಳೆಗಳು ಅಲೆಯ ತಾಳಕ್ಕೆ ತಕ್ಕಂತೆ ಹಿಗ್ಗಿ ಕುಗ್ಗತೊಡಗುತ್ತವೆ. ಆ ನೂಕಾಟಕ್ಕೆ ರಕ್ತನಾಳದ ಗೋಡೆಯ ಕೋಶಗಳ ನಡುವೆ ಕೆಲಹೊತ್ತು ಸಂದುಗಳು ಬಿಡುತ್ತವೆ. ಆ ಸಂದುಗಳಲ್ಲಿ ಮದ್ದು ಒಳಕ್ಕೆ ಜಿನುಗುತ್ತದೆ. ದನಿ ಮಿತಿಮೀರಿದರೆ ಗುಳ್ಳೆ ಒಡೆದು ಗೋಡೆಗೇ ಗಾಯವಾದೀತು. ಆದ್ದರಿಂದ ಎಷ್ಟು ದನಿ, ಎಷ್ಟು ಹೊತ್ತು ಎಂಬ ಲೆಕ್ಕವೇ ಇಲ್ಲಿ ಮುಖ್ಯ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ರೈತರ ಒಂದು ಉಪಾಯ. ೧೯೯೦ರ ದಶಕದ ಕೊನೆಯಲ್ಲಿ ಕಾಯಿಕೊರಕಕ್ಕೆ ಯಾವ ಔಷಧವೂ ನಾಟದೆ ಹೋದಾಗ, ಕಲಬುರಗಿ ಸೀಮೆಯ ರೈತರು ತೊಗರಿ ಗಿಡವನ್ನು ಹಿಡಿದು ಅಲುಗಿಸಿ, ಉದುರಿದ ಹುಳುಗಳನ್ನು ಕೆಳಗೆ ಹಾಸಿದ ಬಟ್ಟೆಯಲ್ಲಿ ಹಿಡಿದು ನಾಶಮಾಡಿದರು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಫಲಕಾರಿಯೆಂದು ಕಂಡರು. ವಿಷವನ್ನು ಹೆಚ್ಚಿಸುತ್ತ ಹೋಗುವ ಬದಲು ಅಲುಗಾಟದ ನೆರವು ಪಡೆಯುವ ಬುದ್ಧಿ ಹೊಲದಲ್ಲಿಯೂ ಹುಟ್ಟಿದೆ, ಪ್ರಯೋಗಶಾಲೆಯಲ್ಲಿಯೂ ಹುಟ್ಟಿದೆ.

ನಾರ್ವೆ ದೇಶದ ಬರ್ಗೆನ್ ನಗರದ ವೈದ್ಯರು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ೧೦ ಮಂದಿ ರೋಗಿಗಳಿಗೆ ರೂಢಿಯ ಮದ್ದಿನೊಡನೆ ಗುಳ್ಳೆಗಳನ್ನೂ ಸಾಮಾನ್ಯ ಸ್ಕ್ಯಾನಿಂಗ್ ಯಂತ್ರದ ದನಿಯನ್ನೂ ಕೊಟ್ಟು, ಫಲಿತಾಂಶವನ್ನು ೨೦೧೬ರಲ್ಲಿ ಪ್ರಕಟಿಸಿದರು. ಮದ್ದಿನ ವಿಷಬಾಧೆ ಹೆಚ್ಚಲಿಲ್ಲ. ಹಿಂದೆ ಮದ್ದನ್ನಷ್ಟೇ ಪಡೆದಿದ್ದ ರೋಗಿಗಳಿಗಿಂತ ಇವರು ಹೆಚ್ಚು ಕಾಲ ಬದುಕಿದರು. ಆಶಾದಾಯಕ ಸುದ್ದಿಯೇ ಸರಿ. ಆದರೆ ಹತ್ತು ಜನರ ಅನುಭವದಿಂದ ಜಗತ್ತಿಗೆಲ್ಲ ನಿಯಮ ಮಾಡಲಾಗದು.

ಬಿಸಿಗೆ ಬಿಚ್ಚುವ ಪೊಟ್ಟಣ

ಎರಡನೆಯ ಹಾದಿ ಶಾಖದ್ದು. ಡಾಕ್ಸೊರುಬಿಸಿನ್ ಮದ್ದನ್ನು ಕೊಬ್ಬಿನ ಪೊರೆಯ ಅತಿಸೂಕ್ಷ್ಮ ಪೊಟ್ಟಣಗಳಲ್ಲಿ ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ದೇಹದ ಸಹಜ ಶಾಖ ೩೭ ಡಿಗ್ರಿ ಸೆಲ್ಸಿಯಸ್; ಆ ಶಾಖದಲ್ಲಿ ಪೊಟ್ಟಣ ಬಿಚ್ಚುವುದಿಲ್ಲ. ೩೯.೫ ಡಿಗ್ರಿ ದಾಟಿತೆಂದರೆ ಪೊರೆ ಸಡಿಲಿ ಮದ್ದು ಹೊರಬೀಳುತ್ತದೆ. ಆ ಎರಡು ಮೂರು ಡಿಗ್ರಿಯ ಬಿಸಿಯನ್ನು ಗಡ್ಡೆಯಿರುವಲ್ಲಿ ಮಾತ್ರ ಹುಟ್ಟಿಸುವುದು ಹೊರಗಿನಿಂದ ಬಿಟ್ಟ ದನಿಯ ಕೆಲಸ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಯಕೃತ್ತಿನಲ್ಲಿ ಗಡ್ಡೆಗಳಿದ್ದ ೧೦ ಮಂದಿಯ ಮೇಲೆ ಇದನ್ನು ಪ್ರಯೋಗಿಸಿ ೨೦೧೮ರಲ್ಲಿ ವರದಿ ಮಾಡಿದರು. ದನಿಯಿಂದ ಬಿಸಿಯಾದ ಗಡ್ಡೆಯಲ್ಲಿ ಮದ್ದಿನ ಪ್ರಮಾಣ ಸರಾಸರಿ ೩.೭ ಪಟ್ಟು ಹೆಚ್ಚಿತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಮದ್ದು ಗಡ್ಡೆಗೆ ಹೆಚ್ಚು ಸೇರಿತೆಂದು ಅದು ಹೇಳುತ್ತದೆ. ರೋಗಿ ಗುಣಮುಖನಾದನೆಂದು ಹೇಳುವುದಿಲ್ಲ. ಉಪಾಯ ಸುರಕ್ಷಿತವೇ, ಸಾಧ್ಯವೇ ಎಂದು ನೋಡುವುದಷ್ಟೇ ಆ ಪ್ರಯೋಗದ ಉದ್ದೇಶವಾಗಿತ್ತು.

ಮೆದುಳಿನ ಬಾಗಿಲು

ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು. ೨೦೦೧ರಲ್ಲಿ ಕುಲ್ಲೆರ್ವೊ ಹಿನಿನೆನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮೊಲಗಳ ಮೆದುಳಿನ ಮೇಲೆ ದನಿಯನ್ನೂ ಗುಳ್ಳೆಗಳನ್ನೂ ಪ್ರಯೋಗಿಸಿ, ಹಿಂದೆ ಹೇಳಿದ ಆ ಬಿಗಿ ಕಾವಲನ್ನು ಕೆಲಹೊತ್ತು ತೆರೆಯಬಹುದೆಂದು ತೋರಿಸಿದರು. ೨೦೧೫ರಲ್ಲಿ ಕೆನಡಾದ ಟೊರಾಂಟೊ ನಗರದ ಸನಿಬ್ರೂಕ್ ಆಸ್ಪತ್ರೆಯಲ್ಲಿ, ಮೆದುಳಿನ ಗಡ್ಡೆಯಿದ್ದ ರೋಗಿಯೊಬ್ಬರ ತಲೆಬುರುಡೆಯನ್ನು ತೆರೆಯದೆಯೇ ಹೊರಗಿನಿಂದ ದನಿ ಬಿಟ್ಟು ಆ ಬಾಗಿಲನ್ನು ತೆರೆದರು. ಪ್ಯಾರಿಸಿನ ವೈದ್ಯರು ದನಿಯ ಪುಟ್ಟ ಯಂತ್ರವನ್ನು ತಲೆಬುರುಡೆಯಲ್ಲಿಯೇ ಕೂರಿಸುವ ಇನ್ನೊಂದು ಮಾರ್ಗ ಹಿಡಿದರು. ಅದೇ ಬಗೆಯ ಯಂತ್ರದಿಂದ ಅಮೆರಿಕದ ಷಿಕಾಗೋ ನಗರದಲ್ಲಿ ೧೭ ಮಂದಿಗೆ ಚಿಕಿತ್ಸೆ ಮಾಡಿದ ವರದಿ ೨೦೨೩ರಲ್ಲಿ ಬಂದಿತು. ದನಿ ತಾಗಿದ ಭಾಗಕ್ಕೆ ಮದ್ದು ಸುಮಾರು ನಾಲ್ಕರಿಂದ ಆರು ಪಟ್ಟು ಹೆಚ್ಚಾಗಿ ಸೇರಿತ್ತು. ತೆರೆದ ಬಾಗಿಲು ಬಹುಮಟ್ಟಿಗೆ ಒಂದು ಗಂಟೆಯೊಳಗೆ ತಾನಾಗಿಯೇ ಮುಚ್ಚಿಕೊಂಡಿತ್ತು.

ಇವೆಲ್ಲ ಸತ್ಯವಾದ ಸಾಧನೆಗಳು. ಆ ರೈತ ತೋರಿಸಿದ ಚಿತ್ರ ಕಟ್ಟುಕತೆಯಾಗಿರಲಿಲ್ಲ. ಆದರೆ ದನಿಗೂ ಮಿತಿಗಳುಂಟು. ಗಾಳಿ ತುಂಬಿದ ಶ್ವಾಸಕೋಶವನ್ನೂ ಕರುಳನ್ನೂ ಅದು ಸುಲಭವಾಗಿ ದಾಟದು. ಎಲುಬು ಅದನ್ನು ಹೀರಿ ಚದುರಿಸುತ್ತದೆ. ರೋಗಿ ಉಸಿರಾಡಿದಾಗ ಯಕೃತ್ತು ಮೇಲೆ ಕೆಳಗೆ ಸರಿಯುತ್ತದೆ. ಗುರಿಯೂ ಅದರೊಡನೆ ಸರಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಕಾಣುವ ಗಡ್ಡೆಗೆ ಮಾತ್ರ ಗುರಿಯಿಡಬಹುದು. ದೇಹದಲ್ಲಿ ಅಲ್ಲಲ್ಲಿ ಚದುರಿಹೋದ, ಕಣ್ಣಿಗೆ ಕಾಣದ ರೋಗಕಣಗಳಿಗೆ ಇಡೀ ಹೊಲಕ್ಕೆ ಸಿಂಪಡಿಸುವ ಹಳೆಯ ವಿಧಾನವೇ ಇಂದಿಗೂ ಬೇಕು. ಗುರಿ ಹಿಡಿದ ಮದ್ದು ಇನ್ನೂ ಪ್ರಯೋಗದ ಹಂತದಲ್ಲಿದೆ; ನೂರಾರು ರೋಗಿಗಳಲ್ಲಿ ಹೋಲಿಸಿ ನೋಡಿದ ಮೇಲೆಯೇ ಅದು ರೂಢಿಯ ಚಿಕಿತ್ಸೆಯಾಗಬೇಕು.

ನಮ್ಮ ಅಂಗಳದಲ್ಲಿರುವುದು

ಇನ್ನು ಆ ತಾಯಿಯ ರೋಗದ ಮಾತು. ದನಿಯ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಮದ್ದು ಮುಟ್ಟದ ಕಡೆಗಳಲ್ಲಿ: ಮೆದುಳು, ಮೇದೋಜೀರಕ ಗ್ರಂಥಿ, ಯಕೃತ್ತು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ, ಅದು ದೂರದ ಅಂಗಗಳಿಗೆ ಹರಡದಿರುವಾಗ, ಪರೀಕ್ಷೆಯಲ್ಲಿ ಗೆದ್ದ ಚಿಕಿತ್ಸೆ ಆಗಲೇ ಇದೆ. ಸುಮಾರು ಐದು ವಾರ ಹೊರಗಿನಿಂದ ವಿಕಿರಣ, ಅದರೊಡನೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಮದ್ದು, ಬಳಿಕ ರೋಗದ ಜಾಗದೊಳಗೇ ವಿಕಿರಣದ ಮೂಲವನ್ನು ಇರಿಸುವ ಸರದಿಗಳು. ಮದ್ದನ್ನೂ ವಿಕಿರಣವನ್ನೂ ಒಟ್ಟಿಗೆ ಕೊಟ್ಟರೆ ಹೆಚ್ಚು ಮಂದಿ ಬದುಕುತ್ತಾರೆಂಬುದು ೧೯೯೯ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಿಂದ ಸ್ಥಿರಪಟ್ಟಿತು. ನಮ್ಮ ಜನ ಕರೆಂಟ್ ಎಂದು ಹೆದರುವ ವಿಕಿರಣವೂ ಗುರಿ ಹಿಡಿದು ಬಿಡುವ ಶಕ್ತಿಯೇ ಅಲ್ಲವೇ? ವಾಂತಿಯಾಗಬಹುದು, ನಿಶ್ಶಕ್ತಿಯಾಗಬಹುದು, ಅವಕ್ಕೂ ಮದ್ದುಗಳಿವೆ. ಆದರೆ ತಡ ಮಾಡಿದುದಕ್ಕೆ ಮದ್ದಿಲ್ಲ.

೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖಾಕೇಂದ್ರ ಕಲಬುರಗಿಯಲ್ಲಿಯೇ ಇದೆ. ಮೇರೆಯಾಚೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿದೆ. ದೇಶದ ಮೊಟ್ಟಮೊದಲ ಗ್ರಾಮೀಣ ಕ್ಯಾನ್ಸರ್ ದಾಖಲೆ ೧೯೮೭ರಲ್ಲಿ ಆರಂಭವಾದುದು ಬಾರ್ಶಿಯ ಸೀಮೆಯಲ್ಲಿಯೇ. ಹೊಲ ಮಾರುವ ಮೊದಲು ಕೇಳಬೇಕಾದ ಇನ್ನೊಂದು ಮಾತುಂಟು. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು.

ಆಳಂದ ತಾಲ್ಲೂಕಿನ ಗಡಿಗೆ ಹೊಂದಿಕೊಂಡ ಜಿಲ್ಲೆ, ಆಗ ಉಸ್ಮಾನಾಬಾದ್, ಈಗ ಧಾರಾಶಿವ. ೧೯೯೯ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ೩೦ರಿಂದ ೫೯ ವಯಸ್ಸಿನ ೧,೩೧,೭೪೬ ಮಹಿಳೆಯರನ್ನು ಸೇರಿಸಿಕೊಂಡ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ಅದರ ಫಲಿತಾಂಶ ೨೦೦೯ರಲ್ಲಿ ಪ್ರಕಟವಾದಾಗ ಲೋಕದ ವೈದ್ಯರೆಲ್ಲ ತಿರುಗಿ ನೋಡಿದರು. ಈ ರೋಗಕ್ಕೆ ಮೂಲವಾದ ಎಚ್.ಪಿ.ವಿ. ವೈರಸ್ಸಿಗಾಗಿ ಬಾಳಿನಲ್ಲಿ ಒಂದೇ ಒಂದು ಸಲ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟದ್ದರಿಂದ, ಗರ್ಭಕೊರಳಿನ ಕ್ಯಾನ್ಸರಿನ ಸಾವು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. ಜೋಳದ ರೊಟ್ಟಿ ಬಡಿಯುವ, ತೊಗರಿ ಕೊಯ್ಯುವ ಹೆಣ್ಣುಮಕ್ಕಳು ಜಗತ್ತಿಗೆ ಕಲಿಸಿದ ಪಾಠವಿದು. ನಮ್ಮ ಕಡೆಯ ಎಷ್ಟು ಮಂದಿ ತಾಯಂದಿರು ಆ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡಿದ್ದಾರೆ? ಈ ವೈರಸ್ಸಿಗೆ ಲಸಿಕೆಯೂ ಇದೆ. ಪುಣೆಯ ಸೀರಂ ಸಂಸ್ಥೆಯ ದೇಶೀಯ ಲಸಿಕೆಗೆ ೨೦೨೨ರಲ್ಲಿ ಅನುಮತಿ ದೊರೆಯಿತು. ಅದು ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಮುಂಚಿತವಾಗಿ ಕೊಡತಕ್ಕದ್ದು.

ಸೋಮವಾರದ ಉತ್ತರ

ಸೋಮವಾರ ತಂದೆ ಮಗಳು ಇಬ್ಬರೂ ಬಂದರು. "ಅಣ್ಣಾರ, ನೀವು ನೋಡಿದ್ದು ಖರೇ ಅದ" ಎಂದೆ. ಅವನ ಕಣ್ಣು ಅರಳಿತು. ಮುಂದಿನ ಮಾತು ಹೇಳುವುದು ನನಗೆ ಕಷ್ಟವಾಯಿತು. "ಆದ್ರ ಅದು ನಿಮ್ಮ ಮನೆಯವರ ರೋಗಕ್ಕ ಬಂದ ಮದ್ದಲ್ಲ. ಅದಕ್ಕ ತಡೀಬ್ಯಾಡ್ರಿ. ನಿಮಗ ಬೇಕಾದ್ದು ಕಲಬುರಗ್ಯಾಗೇ ಅದ. ಹೊಲ ಮಾರೂದಕ್ಕಿಂತ ಮದಲ ರೇಷನ್ ಕಾರ್ಡ್ ತಗೊಂಡು ಆಸ್ಪತ್ರೆಗಿ ಹೋಗ್ರಿ."

ಆತ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಹಂಗಾರ ಆ ಆವಾಜಿನ ಮದ್ದು ಯಾರಿಗ್ರಿ?" ಎಂದು ಕೇಳಿದ. "ಇವತ್ತು ಯಾವ ಮದ್ದೂ ನಾಟದವರಿಗೆ" ಎಂದೆ. "ಅವರಿಗರೆ ಬರ್ಲಿ ಬಿಡ್ರಿ" ಎಂದು ಎದ್ದು ನಿಂತ.

ಆ ವಾರವೇ ಚಿಕಿತ್ಸೆ ಆರಂಭವಾಯಿತು. ಕಲಬುರಗಿಯಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಆ ತಾಯಿ ದಿನವೂ ಆಸ್ಪತ್ರೆಗೆ ಹೋಗಿಬಂದರು. ಮಗಳು ಕೆಲವು ದಿನ ತರಗತಿಗೆ ಬರಲಿಲ್ಲ. ನಾನೂ ಹಾಜರಿ ಕೇಳಲಿಲ್ಲ. ನಡುವೆ ಒಂದು ವಾರ ರಕ್ತದ ಬಲ ಸಾಲದೆ ಸೂಜಿಯನ್ನು ಮುಂದೂಡಬೇಕಾಯಿತೆಂದೂ, ಆಗ ತಾಯಿ ಚಿಕಿತ್ಸೆಯೇ ಬೇಡವೆಂದು ಅತ್ತರೆಂದೂ ಹುಡುಗಿ ಹೇಳಿದಳು. ಆದರೂ ಮುಗಿಸಿದರು.

ಎಳ್ಳಮಾವಾಸ್ಯೆಯ ದಿನ ನನಗೆ ಅವರ ಹೊಲದಿಂದ ಕರೆ ಬಂದಿತ್ತು. ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳ ಬುತ್ತಿ ಬಿಚ್ಚಿತ್ತು. ಕೊನೆಯ ಸರದಿ ಮುಗಿದು ನಾಲ್ಕೇ ದಿನವಾಗಿತ್ತು. ಆ ತಾಯಿ ಬನ್ನಿಯ ಮರದ ನೆರಳಿನಲ್ಲಿ ಶಾಲು ಹೊದ್ದು ಕುಳಿತಿದ್ದರು, ಬಹಳ ಸೊರಗಿದ್ದರು. ರೋಗ ಹೋಯಿತೆಂದು ಯಾರೂ ಇನ್ನೂ ಹೇಳಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಆಮೇಲೆಯೂ ವರ್ಷಗಟ್ಟಲೆ ಕಾಯಬೇಕು. ಗಂಡ ಚರಗದ ಬುಟ್ಟಿ ಹೊತ್ತು ಹೊಲದ ಸುತ್ತಲೂ ನಡೆದು ಚೆಲ್ಲಿ ಬಂದ. ಮಾರಬೇಕೆಂದಿದ್ದ ಆ ಎರಡೆಕರೆಯಲ್ಲಿಯೂ ಚೆಲ್ಲಿ ಬಂದ.